ಕಾಫಿ ಹಣ ಜಮೆಯಾದಾಗ ಬ್ಯಾಂಕಿನ ಯಂತ್ರದ ಅನುಮಾನಕ್ಕೆ ಸಿಲುಕದಿರುವುದು ಹೇಗೆ?

ಮೂಡಿಗೆರೆ ಅಥವಾ ಸಕಲೇಶಪುರದ ಕಡೆಯ ಸಣ್ಣ ಬೆಳೆಗಾರರೊಬ್ಬರ ಪಾಸ್‌ಬುಕ್ ತೆರೆದು ನೋಡಿ. ಜೂನ್‌ನಿಂದ ಡಿಸೆಂಬರ್‌ವರೆಗೆ ಗೊಬ್ಬರದಂಗಡಿಗೆ ಕೊಟ್ಟದ್ದು, ಕರೆಂಟ್ ಬಿಲ್ಲು, ಇಷ್ಟೇ. ಫೆಬ್ರುವರಿಯಲ್ಲೊಂದು ದಿನ ವ್ಯಾಪಾರಿಯಿಂದ 8 ಲಕ್ಷ ರೂಪಾಯಿ ಜಮೆಯಾಗುತ್ತದೆ; ಆ ವಾರವೇ ಆಳುಗಳ ಕೂಲಿ ಬಟವಾಡೆಗೆಂದು ನಗದು ತೆಗೆದು, ಉಳಿದದ್ದರಲ್ಲಿ ಸೊಸೈಟಿ ಸಾಲ ತೀರಿಸುತ್ತಾರೆ. ತೋಟ ಬಲ್ಲವರಿಗೆ ಇದರಲ್ಲಿ ಅಸಹಜವಾದದ್ದೇನೂ ಇಲ್ಲ. ಆದರೆ ದೋಚಿದ ಹಣ ಸಾಗಿಸಲು ವಂಚಕರು ಬಾಡಿಗೆಗೆ ಪಡೆದ ಖಾತೆಯೂ ಹೀಗೆಯೇ ಇರುತ್ತದೆ: ತಿಂಗಳುಗಟ್ಟಲೆ ಚಲನೆಯಿಲ್ಲ, ಒಮ್ಮೆಲೇ ದೊಡ್ಡ ಜಮೆ, ಬೆನ್ನಿಗೇ ಖಾಲಿ.

ಹಿಂದೆ ಬ್ಯಾಂಕುಗಳ ತಪಾಸಣೆ ಬಹುಮಟ್ಟಿಗೆ ನಿಗದಿತ ನಿಯಮಗಳ ಮೇಲೆ ನಿಂತಿತ್ತು. ತಿಂಗಳಲ್ಲಿ 10 ಲಕ್ಷ ರೂಪಾಯಿ ಮೀರಿದ ನಗದು ವಹಿವಾಟನ್ನು ಕೇಂದ್ರದ ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸಬೇಕೆಂಬುದು ಅಂಥದ್ದೊಂದು, ಅದು ಇಂದಿಗೂ ಇದೆ. ಈಗ ಅದರ ಜೊತೆಗೆ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಗಳು ಬಂದಿವೆ. ಅವು ಖಾತೆಯ ಇಂದಿನ ನಡೆಯನ್ನು ಅದರ ಹಳೆಯ ನಡೆಯೊಂದಿಗೆ ಹೋಲಿಸುತ್ತವೆ. ಒಂದೇ ಮೊಬೈಲಿನಿಂದ ಹಲವು ಖಾತೆಗಳು ನಡೆಯುತ್ತಿವೆಯೇ, ಬಂದ ಹಣ ನಿಮಿಷಗಳಲ್ಲೇ ಬೇರೆ ಖಾತೆಗಳಿಗೆ ಹಂಚಿಹೋಯಿತೇ ಎಂದು ನೋಡಿ ಅಪಾಯಕ್ಕೆ ಅಂಕ ಕೊಡುತ್ತವೆ. ಬೆಂಗಳೂರಿನ ರಿಸರ್ವ್ ಬ್ಯಾಂಕ್ ಇನ್ನೋವೇಶನ್ ಹಬ್ ರೂಪಿಸಿದ, 2024ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಮ್ಯೂಲ್‌ಹಂಟರ್.ಎಐ ಇಂಥ ಬಾಡಿಗೆ ಖಾತೆಗಳನ್ನು ಹುಡುಕಲೆಂದೇ ಇರುವ ಸಾಧನ. ಯಂತ್ರ ಕೊಡುವ ಅಂಕ ತೀರ್ಪಲ್ಲ. ಅದನ್ನು ಓದಿ ನಿರ್ಧರಿಸುವ ಅಧಿಕಾರಿಗೆ ನಿಮ್ಮ ಬಗ್ಗೆ ಕಡತದಲ್ಲಿ ಏನು ಸಿಗುತ್ತದೆ ಎಂಬುದೇ ಮುಖ್ಯ.

ಆದ್ದರಿಂದ ಕೊಯ್ಲಿಗೆ ಮುಂಚೆಯೇ ಶಾಖೆಗೆ ಹೋಗಿ ಕೆವೈಸಿ, ಅಂದರೆ ಬ್ಯಾಂಕಿನಲ್ಲಿರುವ ನಿಮ್ಮ ಗುರುತಿನ ವಿವರ ನೋಡಿಕೊಳ್ಳಿ. ಹತ್ತು ವರ್ಷದ ಹಿಂದೆ ಖಾತೆ ತೆರೆದಾಗ ಉದ್ಯೋಗದ ಎದುರು ‘ಇತರೆ’ ಎಂದೂ ವಾರ್ಷಿಕ ಆದಾಯದ ಎದುರು ಯಾವುದೋ ಸಣ್ಣ ಮೊತ್ತವನ್ನೂ ಬರೆದುಕೊಟ್ಟಿದ್ದರೆ, ಇಂದಿನ ಜಮೆ ಅದಕ್ಕೆ ಹೊಂದುವುದೇ ಇಲ್ಲ. ಕಾಫಿ ಬೆಳೆಗಾರರೆಂದು ನಮೂದಿಸಿ, ನಿಜವಾದ ಆದಾಯ ಬರೆದು, ಪಹಣಿಯ ಪ್ರತಿ ಕೊಡಿ. ಅನುಕೂಲಕ್ಕೆಂದು ಬೆಂಗಳೂರಿನಲ್ಲಿರುವ ಮಗನ ಖಾತೆಗೆ ಫಸಲಿನ ಹಣ ಹಾಕಿಸಬೇಡಿ.

ತೂಕದ ಚೀಟಿ, ವ್ಯಾಪಾರಿಯ ಬಿಲ್ಲು, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನ ಔಟ್‌ಟರ್ನ್ ವರದಿ (ಎಷ್ಟು ಬೀಜ ಸಿಕ್ಕಿತೆಂಬ ಲೆಕ್ಕ), ಬಟವಾಡೆ ಪುಸ್ತಕ ಇವನ್ನು ವರ್ಷವಾರು ಜೋಡಿಸಿಡಿ. ಇದಕ್ಕಿಂತಲೂ ದೊಡ್ಡ ಎಚ್ಚರಿಕೆ ಇನ್ನೊಂದಿದೆ. ಬಿಲ್ಲು ಒಬ್ಬರ ಹೆಸರಿನಲ್ಲಿದ್ದು ಹಣ ಮತ್ತೊಬ್ಬರ ಖಾತೆಯಿಂದ ಬರುವುದಾದರೆ ಒಪ್ಪಿಕೊಳ್ಳಬೇಡಿ. ಅದು ಯಾರಿಗೋ ಮೋಸ ಮಾಡಿ ದೋಚಿದ ಹಣವಾಗಿದ್ದರೆ, ದೂರು ಅದರ ಜಾಡು ಹಿಡಿದು ನಿಮ್ಮ ಖಾತೆಗೇ ಬರುತ್ತದೆ; ಪ್ರಾಮಾಣಿಕವಾಗಿ ಬೆಳೆದವರ ಹಣ ಹೀಗೆ ಬಟವಾಡೆಯ ಹೊತ್ತಿಗೆ ಸಿಕ್ಕಿಬೀಳುವುದು ನಿಜಕ್ಕೂ ಅನ್ಯಾಯ. ನಗದನ್ನು ಮಿತಿಯ ಕೆಳಗಿರಲೆಂದು ತುಂಡು ತುಂಡಾಗಿ ಕಟ್ಟುವುದೂ ಬೇಡ, ಆ ನಡೆಯೇ ಅನುಮಾನ ಹುಟ್ಟಿಸುತ್ತದೆ.

ಬ್ಯಾಂಕಿನಿಂದ ವಿವರಣೆ ಕೇಳಿ ಕರೆ ಬಂದರೆ ಫೋನಿನಲ್ಲಿ ಏನನ್ನೂ ಹೇಳದೆ, ಒಟಿಪಿ ಕೊಡದೆ, ನೇರವಾಗಿ ಶಾಖೆಗೆ ಹೋಗಿ ಕಾಗದ ತೋರಿಸಿ. ನಿಮ್ಮ ಬಗ್ಗೆ ಮೇಲಕ್ಕೆ ವರದಿ ಹೋಗಿದೆಯೇ ಎಂದು ಸಿಬ್ಬಂದಿಯನ್ನು ಒತ್ತಾಯಿಸಬೇಡಿ, ಅದನ್ನು ಹೇಳಲು ಅವರಿಗೆ ನಿಯಮವೇ ಬಿಡುವುದಿಲ್ಲ. ಪೊಲೀಸ್ ದೂರಿನಿಂದ ಹಣ ತಡೆಹಿಡಿದಿದ್ದರೆ ದೂರಿನ ಸಂಖ್ಯೆ, ಠಾಣೆಯ ಹೆಸರು, ತಡೆದ ಮೊತ್ತ ಈ ಮೂರನ್ನೂ ಬರಹದಲ್ಲಿ ಕೇಳಿ ಪಡೆದು, ಬಿಲ್ಲಿನ ಪ್ರತಿಗಳೊಂದಿಗೆ ಆ ಠಾಣೆಯ ತನಿಖಾಧಿಕಾರಿಗೆ ಬರೆಯಿರಿ. ಬ್ಯಾಂಕಿನ ಸೇವೆಯಲ್ಲೇ ಲೋಪವಿದ್ದು, ಲಿಖಿತ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು.

ಹಾಸನ, ಚಿಕ್ಕಮಗಳೂರಿನಲ್ಲಿ ಓದುತ್ತಿರುವ ಮಕ್ಕಳನ್ನು ಕೂರಿಸಿಕೊಂಡು ಒಂದು ಮಾತು ತಿಳಿಹೇಳಿ: ಕಮಿಷನ್ನಿನ ಆಸೆಗೆ ಎಟಿಎಂ ಕಾರ್ಡನ್ನೂ ಸಿಮ್ಮನ್ನೂ ಬೇರೆಯವರ ಕೈಗೆ ಕೊಟ್ಟರೆ ಮೊದಲು ಠಾಣೆಗೆ ಕರೆಸುವುದು ಖಾತೆದಾರರನ್ನೇ. ಈಗಾಗಲೇ ಕೊಟ್ಟಿದ್ದರೆ ಇಂದೇ ಶಾಖೆಗೆ ತಿಳಿಸಿ ಖಾತೆ ನಿಲ್ಲಿಸಲಿ. ಮನೆಯಲ್ಲಿ ಯಾರೇ ಆನ್‌ಲೈನ್ ವಂಚನೆಯಲ್ಲಿ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗಳಿಗೆ ಜಾರುವ ಮೊದಲೇ ದೂರು ತಲುಪಿದರೆ ಅದನ್ನು ತಡೆಯುವ ಸಾಧ್ಯತೆ ಹೆಚ್ಚು.