ಮನೆಯಲ್ಲಿ ಡಿಮೆನ್ಷಿಯಾ ಇದೆಯಾ? ಕೌನ್ಸಿಲ್ ಟ್ಯಾಕ್ಸ್ ಬಿಲ್ ಒಮ್ಮೆ ತೆಗೆದು ನೋಡಿ

ಇಂಗ್ಲೆಂಡಿನ ಕನ್ನಡ ಮನೆಗಳಲ್ಲಿ ಈಗ ವಯಸ್ಸಾದವರು ಜಾಸ್ತಿ. ಅರವತ್ತು, ಎಪ್ಪತ್ತರ ದಶಕದಲ್ಲಿ ಎನ್‌ಎಚ್‌ಎಸ್ ಆಸ್ಪತ್ರೆಗಳಿಗೆ ಡಾಕ್ಟರಾಗಿ ಬಂದವರು, ಅವರ ಜೊತೆ ಬಂದು ಇಲ್ಲೇ ಮಕ್ಕಳನ್ನು ಬೆಳೆಸಿದ ಅಮ್ಮಂದಿರು, ಎಲ್ಲರೂ ಎಂಬತ್ತರ ಆಚೀಚೆ ಇದ್ದಾರೆ. ಕೆಲವರಿಗೆ ಮರೆವಿನ ಕಾಯಿಲೆ ಶುರುವಾಗಿದೆ. ಮಕ್ಕಳು ಮಾತ್ರೆ, ಸ್ಕ್ಯಾನ್, ಮೆಮೊರಿ ಕ್ಲಿನಿಕ್ಕು ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಆದರೆ ಪ್ರತಿ ಏಪ್ರಿಲ್‌ಗೆ ಮುಂಚೆ ಮನೆಗೆ ಬರುವ ಕೌನ್ಸಿಲ್ ಟ್ಯಾಕ್ಸ್ (ಊರಿನ ಕೌನ್ಸಿಲ್ಲಿಗೆ ಕಟ್ಟುವ ಮನೆ ತೆರಿಗೆ) ಬಿಲ್ಲನ್ನು ಹಾಗೇ ಕಟ್ಟಿಬಿಡುತ್ತಾರೆ.

2025-26ರಲ್ಲಿ ಇಂಗ್ಲೆಂಡಿನಲ್ಲಿ ಡಿ ಬ್ಯಾಂಡ್ (ಮನೆಯ ಬೆಲೆಗೆ ತಕ್ಕಂತೆ ಕೊಡುವ ದರ್ಜೆ) ಮನೆಯ ಸರಾಸರಿ ಬಿಲ್ 2,280 ಪೌಂಡ್. ಡಿಮೆನ್ಷಿಯಾ ಇರುವವರ ಮನೆಗೆ ಇದರಲ್ಲಿ ಕಾಲು ಭಾಗ, ಅರ್ಧ, ಕೆಲವೊಮ್ಮೆ ಪೂರ್ತಿ ಬಿಲ್ಲೇ ಮಾಫಿ ಆಗುತ್ತದೆ. ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ, ಪೆನ್ಷನ್ ಎಷ್ಟು ಬರುತ್ತದೆ, ಮನೆ ಸ್ವಂತದ್ದಾ ಬಾಡಿಗೆಯದ್ದಾ ಅಂತ ಯಾರೂ ಕೇಳುವುದಿಲ್ಲ. "ನಮಗೆ ಉಳಿತಾಯ ಇದೆ, ನಮಗೆಲ್ಲಿ ಕೊಡ್ತಾರೆ" ಎಂದು ಸುಮ್ಮನಿರುವ ಮನೆಗಳು ಬಹಳ. ದಯವಿಟ್ಟು ಸುಮ್ಮನಿರಬೇಡಿ. ಇದು ನಿಮ್ಮ ಹಕ್ಕು.

ಲೆಕ್ಕ ನಡೆಯುವುದು ಹೀಗೆ

ಪೂರ್ತಿ ಬಿಲ್ ಬರುವುದು ಮನೆಯಲ್ಲಿ ಇಬ್ಬರು ವಯಸ್ಕರಾದರೂ ಇದ್ದಾರೆ ಎಂಬ ಲೆಕ್ಕದಲ್ಲಿ. ಒಬ್ಬರೇ ಇದ್ದರೆ ಶೇ 25 ಕಡಿತ. ಕೆಲವರನ್ನು ಮನೆಯಲ್ಲಿದ್ದರೂ ಎಣಿಸುವುದಿಲ್ಲ. ಡಿಮೆನ್ಷಿಯಾ ಒಂದು ಹಂತ ದಾಟಿದವರು ಈ ಎಣಿಸದವರ ಪಟ್ಟಿಗೆ ಬರುತ್ತಾರೆ.

ಅಪ್ಪನಿಗೆ ಕಾಯಿಲೆ, ಜೊತೆಗೆ ಅಮ್ಮ ಮಾತ್ರ ಇದ್ದಾರೆ ಎಂದುಕೊಳ್ಳಿ. ಅಪ್ಪನನ್ನು ಬಿಟ್ಟರೆ ಲೆಕ್ಕಕ್ಕೆ ಒಬ್ಬರೇ. ಶೇ 25 ಕಡಿತ. ಅಪ್ಪ ಅಮ್ಮ ಇಬ್ಬರಿಗೂ ಕಾಯಿಲೆ ಇದ್ದು ಬೇರೆ ಯಾರೂ ಮನೆಯಲ್ಲಿ ಇಲ್ಲದಿದ್ದರೆ ಬಿಲ್ ಸೊನ್ನೆ. ಅಮ್ಮ ಒಬ್ಬರೇ ಇದ್ದು ಅವರಿಗೇ ಕಾಯಿಲೆ ಇದ್ದರೂ ಸೊನ್ನೆ.

ಎಷ್ಟೋ ಮನೆಗಳು ತಪ್ಪುವುದು ಇಲ್ಲೇ. ಒಂಟಿಯಾಗಿರುವ ಅಮ್ಮನಿಗೆ 'ಒಬ್ಬರೇ ವಾಸ' ಎಂಬ ಶೇ 25 ರಿಯಾಯಿತಿ ಆಗಲೇ ಸಿಗುತ್ತಿರುತ್ತದೆ. ಬಿಲ್ ಮೇಲೆ ರಿಯಾಯಿತಿ ಅಂತ ಕಂಡ ಕೂಡಲೇ ಮಕ್ಕಳು "ಇದೆಲ್ಲ ಆಗಿದೆ" ಎಂದುಕೊಳ್ಳುತ್ತಾರೆ. ಅಮ್ಮನಿಗೆ ಸಿಗಬೇಕಾದದ್ದು ಪೂರ್ತಿ ಮಾಫಿ. ಉಳಿದ ಮುಕ್ಕಾಲು ಪಾಲನ್ನು ಅವರು ವರ್ಷವರ್ಷ ಕಟ್ಟುತ್ತಲೇ ಇರುತ್ತಾರೆ. ಬಿಲ್ ಕೈಗೆ ತೆಗೆದುಕೊಂಡು ಕಡಿತದ ಸಾಲಿನಲ್ಲಿ ಏನು ಬರೆದಿದೆ ಎಂದು ಓದಿ.

ಇನ್ನು ಮಗ, ಸೊಸೆ, ಅತ್ತೆ ಒಟ್ಟಿಗಿರುವ ಮನೆ. ಅತ್ತೆಯನ್ನು ಎಣಿಸದಿದ್ದರೂ ಮಗ ಸೊಸೆ ಇಬ್ಬರು ಉಳಿಯುತ್ತಾರೆ, ಆದ್ದರಿಂದ ಏನೂ ಇಲ್ಲ ಅನಿಸುತ್ತದೆ ಅಲ್ವಾ? ಆದರೆ ಆರೈಕೆ ಮಾಡುವವರಿಗೆ ಬೇರೆ ನಿಯಮ ಇದೆ. ಅದೇ ಮನೆಯಲ್ಲಿದ್ದು ವಾರಕ್ಕೆ ಕನಿಷ್ಠ 35 ಗಂಟೆ ನೋಡಿಕೊಳ್ಳುವವರನ್ನೂ ಎಣಿಸುವುದಿಲ್ಲ. ಗಂಡ ಹೆಂಡತಿಯನ್ನು ನೋಡಿಕೊಂಡರೆ, ಹೆಂಡತಿ ಗಂಡನನ್ನು ನೋಡಿಕೊಂಡರೆ ಈ ನಿಯಮ ಅನ್ವಯಿಸುವುದಿಲ್ಲ. ಸೊಸೆ ಅತ್ತೆಯನ್ನು ನೋಡಿಕೊಂಡರೆ ಅನ್ವಯಿಸುತ್ತದೆ. ಆಗ ಲೆಕ್ಕಕ್ಕೆ ಮಗ ಒಬ್ಬನೇ, ಶೇ 25 ಕಡಿತ. ಮಗಳು ಒಬ್ಬಳೇ ಅಮ್ಮನ ಜೊತೆ ಇದ್ದು ನೋಡಿಕೊಳ್ಳುತ್ತಿದ್ದರೆ ಇಬ್ಬರೂ ಲೆಕ್ಕಕ್ಕಿಲ್ಲ, ಶೇ 50 ಕಡಿತ (ಪೂರ್ತಿ ಮಾಫಿ ಕಾಯಿಲೆಯವರು ಮಾತ್ರ ಇರುವ ಮನೆಗೆ). ಇದಕ್ಕೆ ಸೊಸೆಯೋ ಮಗಳೋ ಕೇರರ್ಸ್ ಅಲೋವೆನ್ಸ್ (ಆರೈಕೆ ಮಾಡುವವರಿಗೆ ಸರ್ಕಾರ ಕೊಡುವ ಭತ್ಯೆ) ಪಡೆಯುತ್ತಿರಬೇಕು ಅಂತಿಲ್ಲ, ಅವರಿಗೆ ಹೊರಗೆ ಕೆಲಸ ಇದ್ದರೂ ತೊಂದರೆ ಇಲ್ಲ. ಆರೈಕೆ ಪಡೆಯುವವರಿಗೆ ಮಾತ್ರ ಅದಕ್ಕೆ ತಕ್ಕ ಭತ್ಯೆ ಇರಬೇಕು. ಯಾವ ಭತ್ಯೆಯ ಯಾವ ದರ ಬೇಕು ಎಂಬುದು ಕೌನ್ಸಿಲ್‌ನ ಕೇರರ್ ಫಾರಂನಲ್ಲಿ ಇರುತ್ತದೆ.

ಮೊದಲು ಭತ್ಯೆ, ಆಮೇಲೆ ಕೌನ್ಸಿಲ್

ಡಿಮೆನ್ಷಿಯಾ ಎಂದು ಡಾಕ್ಟರ್ ಹೇಳಿದ ಮಾತ್ರಕ್ಕೆ ಕಡಿತ ಸಿಗುವುದಿಲ್ಲ. ಎರಡು ಷರತ್ತು ಇವೆ. ಒಂದು, ಡಾಕ್ಟರ್ ಸರ್ಟಿಫಿಕೇಟು. ಇನ್ನೊಂದು, ಕಾಯಿಲೆಯವರಿಗೆ ಕೆಲವು ಭತ್ಯೆಗಳಲ್ಲಿ ಒಂದಕ್ಕೆ ಅರ್ಹತೆ. ಸ್ಟೇಟ್ ಪೆನ್ಷನ್ ವಯಸ್ಸು ದಾಟಿದವರಿಗೆ ಅದು ಸಾಮಾನ್ಯವಾಗಿ ಅಟೆಂಡೆನ್ಸ್ ಅಲೋವೆನ್ಸ್, ಅಂದರೆ ಇನ್ನೊಬ್ಬರ ನೆರವು ಬೇಕಾದ ಹಿರಿಯರಿಗೆ ಸರ್ಕಾರ ಕೊಡುವ ಭತ್ಯೆ. ಕಡಿಮೆ ದರ, ಹೆಚ್ಚು ದರ, ಯಾವುದಾದರೂ ನಡೆಯುತ್ತದೆ. ಅದಕ್ಕಿಂತ ಚಿಕ್ಕವರಿಗೆ ಪಿಪ್ ಎನ್ನುವ ಭತ್ಯೆಯ ಡೈಲಿ ಲಿವಿಂಗ್ (ದಿನನಿತ್ಯದ ಕೆಲಸಗಳ) ಭಾಗ.

ಈ ಭತ್ಯೆಯೇ ದೊಡ್ಡ ಲಾಭ. 2025-26ರ ದರದಲ್ಲಿ ವಾರಕ್ಕೆ 73.90 ಪೌಂಡ್ ಅಥವಾ 110.40 ಪೌಂಡ್. ಇದಕ್ಕೂ ಆದಾಯ, ಉಳಿತಾಯ ನೋಡುವುದಿಲ್ಲ. ಆದರೆ ಅರ್ಜಿ ಹಾಕಿದ ದಿನಕ್ಕಿಂತ ಹಿಂದಿನದನ್ನು ಕೊಡುವುದಿಲ್ಲ. ನೀವು ಎಷ್ಟು ತಿಂಗಳು ತಡ ಮಾಡುತ್ತೀರೋ ಭತ್ಯೆಯೂ ಅಷ್ಟು ಹೋಯಿತು, ಕೌನ್ಸಿಲ್ ಟ್ಯಾಕ್ಸ್ ಕಡಿತವೂ ಅಷ್ಟು ಮುಂದೆ ಹೋಯಿತು. ಅದಕ್ಕೇ ಇವತ್ತೇ 0800 731 0122ಕ್ಕೆ ಫೋನ್ ಮಾಡಿ ಫಾರಂ ತರಿಸಿಕೊಳ್ಳಿ. ಆ ಫಾರಂ ತುಂಬಿ 6 ವಾರದೊಳಗೆ ವಾಪಸ್ ಕಳಿಸಿದರೆ ಫೋನ್ ಮಾಡಿದ ದಿನವೇ ಅರ್ಜಿಯ ದಿನ ಆಗುತ್ತದೆ. ನೆರವಿನ ಅಗತ್ಯ ಶುರುವಾಗಿ 6 ತಿಂಗಳು ಆಗಿರಬೇಕು.

ಫಾರಂ ತುಂಬುವಾಗ ನಮ್ಮವರು ಮಾಡುವ ಕೆಲಸ ಒಂದಿದೆ. ಮನೆ ಮರ್ಯಾದೆ ಕಾಯುತ್ತಾರೆ. 'ಸ್ನಾನ ತಾವೇ ಮಾಡುತ್ತಾರೆ' ಎಂದು ಒಂದೇ ಸಾಲು ಬರೆದುಬಿಡುತ್ತಾರೆ. ನಿಜವಾಗಿ ನಡೆಯುವುದೇನು? ಅಪ್ಪನನ್ನು ಕೈ ಹಿಡಿದು ಬಾತ್‌ರೂಮಿಗೆ ಕರೆದೊಯ್ಯಬೇಕು, ನೀರಿನ ಬಿಸಿ ಹದ ಮಾಡಿಕೊಡಬೇಕು, ಸೋಪು ಕೈಗೆ ಕೊಟ್ಟು ಬಾಗಿಲ ಹತ್ತಿರ ನಿಂತು "ಈಗ ಬೆನ್ನು, ಈಗ ಕಾಲು" ಎಂದು ಹೇಳುತ್ತಿರಬೇಕು, ಇಲ್ಲದಿದ್ದರೆ ಒದ್ದೆ ಮೈಯಲ್ಲೇ ಬಂದು ಹಾಸಿಗೆ ಮೇಲೆ ಕೂತುಬಿಡುತ್ತಾರೆ. ಇದನ್ನು ಇದ್ದ ಹಾಗೇ ಬರೆಯಿರಿ. ಹೀಗೆ ಜ್ಞಾಪಿಸುವುದು, ಕಾಯುವುದು, ಮೇಲೆ ಕಣ್ಣಿಡುವುದು ಕೂಡ ನೆರವೇ. ರಾತ್ರಿ ಎಷ್ಟು ಸಲ ಏಳುತ್ತಾರೆ, ಬಾಗಿಲು ತೆಗೆದು ಹೊರಗೆ ಹೋಗಲು ನೋಡುತ್ತಾರಾ, ಒಲೆ ಮೇಲೆ ಹಾಲಿಟ್ಟು ಮರೆತಿದ್ದಾರಾ, ಎಲ್ಲವೂ ಬೇಕು. ಯಾರೂ ಈಗ ನೆರವು ಕೊಡುತ್ತಿಲ್ಲ, ಆದರೆ ನೆರವು ಬೇಕಾಗಿದೆ ಎಂದರೂ ಅರ್ಹತೆ ಇದೆ.

ಒಂದು ಎಚ್ಚರಿಕೆ, ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡವರಿಗೆ. ವೀಸಾ ಮೇಲೆ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್' (ಸರ್ಕಾರಿ ಭತ್ಯೆ ಪಡೆಯುವಂತಿಲ್ಲ) ಎಂದಿದ್ದರೆ ಅಟೆಂಡೆನ್ಸ್ ಅಲೋವೆನ್ಸ್‌ಗೆ ಅರ್ಜಿ ಹಾಕಬೇಡಿ, ವೀಸಾಗೇ ತೊಂದರೆ ಆಗುತ್ತದೆ. ಖರ್ಚೆಲ್ಲ ನಾವೇ ನೋಡಿಕೊಳ್ಳುತ್ತೇವೆ ಎಂದು ಮಕ್ಕಳು ಬರೆದುಕೊಟ್ಟು ಕರೆಸಿಕೊಂಡ ಹಿರಿಯರಿಗೆ ಆ ಕಾರಣಕ್ಕೇ ಈ ಭತ್ಯೆ ತಪ್ಪುವುದಿಲ್ಲ. ಆದರೆ ಕಳೆದ 3 ವರ್ಷದಲ್ಲಿ 2 ವರ್ಷವಾದರೂ ಬ್ರಿಟನ್ನಿನಲ್ಲಿ ಇದ್ದಿರಬೇಕು ಎಂಬ ನಿಯಮವೂ ಇದೆ. ಅನುಮಾನ ಇದ್ದರೆ ಮೊದಲು ಉಚಿತವಾಗಿ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್‌ನಲ್ಲಿ ಕೇಳಿ, ಆಮೇಲೆ ಫೋನ್ ಎತ್ತಿ.

ಡಾಕ್ಟರ ಹತ್ತಿರ

ಭತ್ಯೆಯ ಮಂಜೂರಾತಿ ಪತ್ರ ಬಂದ ಮೇಲೆ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಫಾರಂ ಹುಡುಕಿ. ಅದರ ಮೇಲೆ 'ಸಿವಿಯರ್ಲಿ ಮೆಂಟಲಿ ಇಂಪೇರ್ಡ್' (ಮಾನಸಿಕ ಶಕ್ತಿ ತೀವ್ರವಾಗಿ ಕುಂದಿದವರು) ಎಂದಿರುತ್ತದೆ. ಅಪ್ಪನ ಹೆಸರಿನ ಮುಂದೆ ಅದನ್ನು ಓದಲು ಸಂಕಟ ಆಗುತ್ತದೆ, ಅಷ್ಟಕ್ಕೇ ಫಾರಂ ಮಡಚಿ ಡ್ರಾಯರಿಗೆ ಹಾಕಿದವರಿದ್ದಾರೆ. ಇದು 1992ರ ಕಾಯ್ದೆಯ ಮಾತು, ಟ್ಯಾಕ್ಸಿನ ಕೆಲಸಕ್ಕೆ ಮಾತ್ರ. ಬುದ್ಧಿಶಕ್ತಿ ಮತ್ತು ನಾಲ್ಕು ಜನರ ನಡುವೆ ನಡೆದುಕೊಳ್ಳುವ ಶಕ್ತಿ ಬಹಳ ಕುಂದಿದೆ, ಅದು ಇನ್ನು ಸರಿಹೋಗುವಂತೆ ಕಾಣುವುದಿಲ್ಲ ಎಂದು ಡಾಕ್ಟರ್ ಹೇಳಬೇಕು. ಕಾರಣ ಯಾವುದಾದರೂ ಸರಿ. ಆಲ್ಝೈಮರ್ಸ್, ಸ್ಟ್ರೋಕ್ ಆದ ಮೇಲೆ ಬಂದ ಮರೆವು, ಪಾರ್ಕಿನ್ಸನ್ಸ್ ಜೊತೆ ಬಂದದ್ದು, ಎಲ್ಲವೂ ಇದರಲ್ಲಿ ಬರಬಹುದು.

ಕೆಲವು ಕೌನ್ಸಿಲ್‌ಗಳು ನೀವೇ ಜಿಪಿ (ಮನೆ ಹತ್ತಿರದ ಕುಟುಂಬ ವೈದ್ಯರು) ಹತ್ತಿರ ಸಹಿ ಹಾಕಿಸಿ ತನ್ನಿ ಎನ್ನುತ್ತವೆ, ಕೆಲವು ಜಿಪಿ ಹೆಸರು ವಿಳಾಸ ತೆಗೆದುಕೊಂಡು ತಾವೇ ಬರೆಯುತ್ತವೆ. ಎನ್‌ಎಚ್‌ಎಸ್ ಜಿಪಿ ಈ ಸರ್ಟಿಫಿಕೇಟಿಗೆ ದುಡ್ಡು ಕೇಳುವಂತಿಲ್ಲ, ಅವರ ಒಪ್ಪಂದದಲ್ಲೇ ಇದನ್ನು ಉಚಿತ ಎಂದು ಸೇರಿಸಿದ್ದಾರೆ. ರಿಸೆಪ್ಷನ್‌ನಲ್ಲಿ ಫೀಸು ಎಂದರೆ ಪ್ರಾಕ್ಟೀಸ್ ಮ್ಯಾನೇಜರ್ ಹತ್ತಿರ ಮಾತಾಡಿ.

ಡಾಕ್ಟರ ಮುಂದೆ ನಮ್ಮ ಹಿರಿಯರು ಚುರುಕಾಗಿಬಿಡುತ್ತಾರೆ. ಕೋಟು ಹಾಕಿಕೊಂಡು, ನೆಟ್ಟಗೆ ಕೂತು, ಹತ್ತು ನಿಮಿಷ ಒಳ್ಳೆ ಇಂಗ್ಲಿಷಿನಲ್ಲಿ ತಾವು ಕೆಲಸ ಮಾಡಿದ ಆಸ್ಪತ್ರೆಯ ಕತೆ ಹೇಳುತ್ತಾರೆ. ಹೊಸ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಹೋಗುವ ಮೊದಲೇ ಒಂದು ಪುಟ ಬರೆದು ಕಳಿಸಿ: ಮನೆಯಲ್ಲಿ ಏನೇನು ಮಾಡಲಾಗುವುದಿಲ್ಲ, ಯಾವಾಗಿನಿಂದ. ಅಪ್ಪನ ಎದುರಿಗೇ ಇದನ್ನೆಲ್ಲ ಹೇಳುವ ಕಷ್ಟವೂ ತಪ್ಪುತ್ತದೆ. ಅಮ್ಮ ಈಗ ಕನ್ನಡಕ್ಕೆ ಮಾತ್ರ ಉತ್ತರಿಸುತ್ತಿದ್ದರೆ ಭಾಷಾಂತರ ಮಾಡುವವರು ಬೇಕೆಂದು ಮೊದಲೇ ಕೇಳಿ, ಅದಕ್ಕೂ ದುಡ್ಡಿಲ್ಲ. ಕಾಯಿಲೆ ಇನ್ನೂ ಶುರುವಿನಲ್ಲಿದೆ, ಆ ಹಂತಕ್ಕೆ ಬಂದಿಲ್ಲ ಎಂದು ಡಾಕ್ಟರ್ ಹೇಳಬಹುದು. ಆಗ ಕೆಲವು ತಿಂಗಳು ಬಿಟ್ಟು ಮತ್ತೆ ಕೇಳಬಹುದು, ಅದಕ್ಕೆ ಅಡ್ಡಿ ಇಲ್ಲ.

ಸರ್ಟಿಫಿಕೇಟಿನಲ್ಲಿ 'ಯಾವಾಗಿನಿಂದ' ಎಂಬ ತಾರೀಕು ಇರಲೇಬೇಕು. ಇದನ್ನು ಕೇಳಿ ಬರೆಸಿಕೊಳ್ಳಿ.

ಹಿಂದಿನ ಹಣ ಕೇಳುವುದು

ಆ ತಾರೀಕು ಬೇಕಾಗುವುದು ಇಲ್ಲಿ. ಎರಡೂ ಷರತ್ತು ಒಟ್ಟಿಗೆ ಪೂರೈಸಿದ ದಿನದಿಂದ ಕಡಿತ ಕೊಡಿ ಎಂದು ಕೇಳಬಹುದು. ಡಾಕ್ಟರ್ ಮಾರ್ಚ್ 2022 ಎಂದು ಬರೆದಿದ್ದು, ಭತ್ಯೆ ಜನವರಿ 2023ರಿಂದ ಸಿಕ್ಕಿದ್ದರೆ, ಲೆಕ್ಕ ಜನವರಿ 2023ರಿಂದ. ಅರ್ಜಿಯ ಜೊತೆ ಒಂದು ಪತ್ರ ಇಟ್ಟು ತಾರೀಕು ಸಹಿತ ಸ್ಪಷ್ಟವಾಗಿ ಬರೆಯಿರಿ. ಕೇಳದಿದ್ದರೆ ಕೆಲವು ಕಡೆ ಅರ್ಜಿ ಬಂದ ದಿನದಿಂದ ಮಾತ್ರ ಕೊಟ್ಟು ಫೈಲ್ ಮುಚ್ಚುತ್ತಾರೆ. ಬಾಕಿ ಹಣವನ್ನು ಮುಂದಿನ ಬಿಲ್ಲಿಗೆ ಹೊಂದಿಸುವ ಬದಲು ಬ್ಯಾಂಕ್ ಖಾತೆಗೆ ಹಾಕಿ ಎಂದೂ ಅದೇ ಪತ್ರದಲ್ಲಿ ಹೇಳಿ. ಉತ್ತರ ಬರುವ ತನಕ ಈಗಿನ ಬಿಲ್ ಕಟ್ಟುವುದನ್ನು ಮಾತ್ರ ನಿಲ್ಲಿಸಬೇಡಿ, ನೋಟಿಸು, ಕೋರ್ಟು ಅಂತ ಬೇರೆ ತಲೆನೋವು ಶುರುವಾಗುತ್ತದೆ.

ಬಿಲ್ ಅಪ್ಪನ ಹೆಸರಲ್ಲಿದ್ದರೆ ಕೌನ್ಸಿಲ್‌ನವರು ನಿಮ್ಮ ಜೊತೆ ಮಾತಾಡಲು ಹಿಂದೆಮುಂದೆ ನೋಡುತ್ತಾರೆ. ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ (ಅಪ್ಪನ ಪರವಾಗಿ ವ್ಯವಹರಿಸಲು ಅವರೇ ಕೊಟ್ಟ ಅಧಿಕಾರ ಪತ್ರ) ಇದ್ದರೆ ಸಲೀಸು. ಹಣಕಾಸಿನದನ್ನು ಅಪ್ಪನಿಗೆ ಇನ್ನೂ ತಿಳಿವಳಿಕೆ ಇರುವಾಗಲೇ ಮಾಡಿಸಬೇಕು, ಆಮೇಲೆ ಕೋರ್ಟ್ ಆಫ್ ಪ್ರೊಟೆಕ್ಷನ್‌ಗೆ ಹೋಗಬೇಕಾಗುತ್ತದೆ.

ಇನ್ನೂ ಕೆಲವು ದಾರಿ

ಅಮ್ಮ ತಮ್ಮ ಮನೆ ಬಿಟ್ಟು ಕಾಯಂ ಆಗಿ ಕೇರ್ ಹೋಮ್‌ಗೆ ಹೋದರೆ ಖಾಲಿ ಮನೆಗೆ ಟ್ಯಾಕ್ಸ್ ಇಲ್ಲ. ಆರೈಕೆಗಾಗಿ ಮಗಳ ಮನೆಗೆ ಬಂದು ಸೇರಿದರೂ ಅಷ್ಟೇ, ಅವರ ಖಾಲಿ ಮನೆಗೆ ವಿನಾಯಿತಿ ಇದೆ. ಇದನ್ನು ಕೇಳುವವರು ಬಹಳ ಕಮ್ಮಿ.

ಕಾಯಿಲೆಯವರಿಗೆಂದೇ ಇನ್ನೊಂದು ಬಾತ್‌ರೂಮು ಕಟ್ಟಿಸಿದ್ದರೆ, ಒಳಗೆ ವೀಲ್‌ಚೇರ್ ಓಡಾಡಲು ಜಾಗ ಬಿಟ್ಟಿದ್ದರೆ, ಅಥವಾ ಅವರ ಅಗತ್ಯಕ್ಕೇ ಒಂದು ಕೋಣೆ ಮೀಸಲಾಗಿದ್ದರೆ ಬಿಲ್ಲನ್ನು ಒಂದು ಬ್ಯಾಂಡ್ ಕೆಳಗಿನ ದರಕ್ಕೆ ಇಳಿಸುತ್ತಾರೆ. ಎ ಬ್ಯಾಂಡ್ ಮನೆಗೂ ಆರನೇ ಒಂದು ಭಾಗ ಕಡಿತ ಇದೆ. ಬರೀ ಮಲಗುವ ಕೋಣೆ ಸಾಲದು. ಇದಕ್ಕೆ ಭತ್ಯೆಯ ಷರತ್ತು ಇಲ್ಲ. ಆದಾಯ ಕಡಿಮೆ ಇರುವವರಿಗೆ ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ ಎಂಬ ಬೇರೆ ಯೋಜನೆ ಇದೆ. ಅದಕ್ಕೆ ಆದಾಯ, ಉಳಿತಾಯ ಎರಡೂ ನೋಡುತ್ತಾರೆ. ಅಟೆಂಡೆನ್ಸ್ ಅಲೋವೆನ್ಸ್ ಸಿಕ್ಕ ಮೇಲೆ ಪೆನ್ಷನ್ ಕ್ರೆಡಿಟ್ (ಆದಾಯ ಕಡಿಮೆ ಇರುವ ಹಿರಿಯರಿಗೆ ಕೊಡುವ ನೆರವು) ಹೆಚ್ಚಾಗಬಹುದು, ಹೊಸದಾಗಿಯೂ ಸಿಗಬಹುದು, ಆದ್ದರಿಂದ ಮುಂಚೆ ಇಲ್ಲ ಎಂದಿದ್ದರೂ ಮತ್ತೊಮ್ಮೆ ಕೇಳಿ.

ಕಡಿತ ಸಿಕ್ಕ ಮೇಲೆ ಮನೆಗೆ ಇನ್ನೊಬ್ಬ ವಯಸ್ಕರು ವಾಸಕ್ಕೆ ಬಂದರೆ 21 ದಿನದೊಳಗೆ ಕೌನ್ಸಿಲ್‌ಗೆ ತಿಳಿಸಬೇಕು. ತಿಳಿಸದಿದ್ದರೆ 70 ಪೌಂಡ್ ದಂಡ ಹಾಕಬಹುದು.

ಆಗಲ್ಲ ಎಂದರೆ

ಫೋನಿನಲ್ಲಿ "ಅಂಥದ್ದೇನೂ ಇಲ್ಲ" ಎನ್ನುವ ಸಿಬ್ಬಂದಿಯೂ ಸಿಗುತ್ತಾರೆ. ಆ ಮಾತನ್ನು ಕೊನೆ ಎಂದುಕೊಳ್ಳಬೇಡಿ, ಬರೆದು ಕೇಳಿ. ಬರೆದ ಉತ್ತರದಲ್ಲಿ ಆಗುವುದಿಲ್ಲ ಎಂದರೆ, ತೀರ್ಮಾನ ಒಪ್ಪುವುದಿಲ್ಲ ಎಂದು ಮತ್ತೆ ಕೌನ್ಸಿಲ್‌ಗೇ ಪತ್ರ ಹಾಕಬೇಕು. ಉತ್ತರ ಕೊಡಲು ಅವರಿಗೆ 2 ತಿಂಗಳ ಗಡುವು. ಆಗಲೂ ಒಪ್ಪದಿದ್ದರೆ ಆ ಉತ್ತರ ಬಂದ 2 ತಿಂಗಳೊಳಗೆ ಕೌನ್ಸಿಲ್ ಟ್ಯಾಕ್ಸ್ ತಕರಾರು ಕೇಳುವ ವ್ಯಾಲ್ಯುಯೇಷನ್ ಟ್ರಿಬ್ಯೂನಲ್‌ಗೆ ಹೋಗಬಹುದು. ಉತ್ತರವೇ ಬರದಿದ್ದರೆ ನಿಮ್ಮ ಪತ್ರದ ದಿನದಿಂದ 4 ತಿಂಗಳೊಳಗೆ. ಫೀಸು ಇಲ್ಲ, ವಕೀಲರು ಬೇಕಾಗಿಲ್ಲ. ಭತ್ಯೆಯ ಪತ್ರ, ಡಾಕ್ಟರ್ ಸರ್ಟಿಫಿಕೇಟು, ಕೌನ್ಸಿಲ್ ಜೊತೆ ನಡೆದ ಪತ್ರಗಳ ಪ್ರತಿ, ಇವಿಷ್ಟು ಇದ್ದರೆ ಸಾಕು.

ವೇಲ್ಸ್‌ನಲ್ಲೂ ನಿಯಮ ಹೆಚ್ಚುಕಮ್ಮಿ ಇದೇ, ಟ್ರಿಬ್ಯೂನಲ್ ಬೇರೆ. ಸ್ಕಾಟ್‌ಲೆಂಡಿನಲ್ಲಿ ಹಿರಿಯರ ಭತ್ಯೆಯ ಹೆಸರು ಪೆನ್ಷನ್ ಏಜ್ ಡಿಸಬಿಲಿಟಿ ಪೇಮೆಂಟ್. ಉತ್ತರ ಐರ್ಲೆಂಡಿನಲ್ಲಿ ಕೌನ್ಸಿಲ್ ಟ್ಯಾಕ್ಸೇ ಇಲ್ಲ, ಅಲ್ಲಿನ ರೇಟ್ಸ್ ಪದ್ಧತಿ ಬೇರೆ. ಫಾರಂ ತುಂಬುವಾಗ ಗೊಂದಲ ಆದರೆ ಆಲ್ಝೈಮರ್ಸ್ ಸೊಸೈಟಿಯ ಸಹಾಯವಾಣಿ 0333 150 3456ಕ್ಕೆ ಕರೆ ಮಾಡಬಹುದು.