ಗಾಳದ ರಾಡ್ ಮೇಲೆ ಹೆಸರು: ಡೆಕಲ್ ಅಂಟಿಸುವುದು, ತೆಗೆಯುವುದು ಹೇಗೆ?

ಹೋದ ವಾರ ಜಯನಗರದ ಗೆಳೆಯರೊಬ್ಬರು ತಾವೇ ಕಟ್ಟಿದ ರಾಡ್ ತಂದು ಕೈಗಿಟ್ಟರು. ಗೈಡ್‌ಗಳಿಗೆ (ಗಾಳದ ದಾರ ಹಾದುಹೋಗುವ ಬಳೆಗಳಿಗೆ) ದಾರ ಸುತ್ತಿದ್ದು ತುಂಬಾ ಚೆನ್ನಾಗಿತ್ತು. ಹಿಡಿಯ ಮೇಲ್ಗಡೆ ಮಗಳ ಹೆಸರಿನ ಡೆಕಲ್ (ತೆಳು ಪೊರೆಯ ಮೇಲೆ ಪ್ರಿಂಟ್ ಮಾಡಿದ ಅಚ್ಚು) ಅಂಟಿಸಿದ್ದರು. ಆ ಹೆಸರಿನ ಸುತ್ತ ಮಾತ್ರ ವಿಭೂತಿ ಬಳಿದ ಹಾಗೆ ಬೆಳ್ಳಗಿನ ಮಸುಕು. ಅದರ ಮೇಲೆ ಎಪಾಕ್ಸಿ (ಎರಡು ದ್ರವ ಕಲಸಿ ಹಚ್ಚುವ ಪಾರದರ್ಶಕ ಅಂಟು) ಗಟ್ಟಿಯಾಗಿ ಕೂತಿತ್ತು. ಈ ವರ್ಷ ನಾನು ನೋಡಿದ ಇಂಥ ನಾಲ್ಕನೇ ರಾಡ್ ಇದು. ಅದಕ್ಕೇ ಈ ಲೇಖನ.

ಮೊದಲು ಪ್ರಿಂಟ್. ನೀರಲ್ಲಿ ನೆನೆಸಿ ಜಾರಿಸುವ ಡೆಕಲ್ ಕಾಗದವನ್ನೇ ಕೊಳ್ಳಿ. ಸಾಧ್ಯವಾದರೆ ಲೇಸರ್ ಪ್ರಿಂಟರ್ ಬಳಸಿ. ಇಂಕ್‌ಜೆಟ್ ಆದರೆ ಪಾರದರ್ಶಕ ಅಕ್ರಿಲಿಕ್ ಸ್ಪ್ರೇ ಎರಡು ಮೂರು ಸಲ ತೆಳುವಾಗಿ ಹೊಡೆದು ಒಣಗಿಸಲೇಬೇಕು, ಇಲ್ಲದಿದ್ದರೆ ನೀರಿಗೆ ಹಾಕಿದ ಕೂಡಲೇ ಬಣ್ಣ ಹರಡುತ್ತದೆ. ಮಾಮೂಲಿ ಪ್ರಿಂಟರ್‌ನಲ್ಲಿ ಬಿಳಿ ಇಂಕ್ ಇರುವುದಿಲ್ಲ. ಹಾಗಾಗಿ ಕಪ್ಪು ಬ್ಲ್ಯಾಂಕ್‌ಗೆ (ರಾಡ್‌ನ ಬರಿಯ ಕೋಲಿಗೆ) ಬಿಳಿ ಹಿನ್ನೆಲೆಯ ಕಾಗದ ತನ್ನಿ, ಅಕ್ಷರದ ಸುತ್ತ ಕಪ್ಪು ತುಂಬಿಸಿ.

ಕನ್ನಡದಲ್ಲಿ ಹೆಸರು ಹಾಕಿಸುವವರು ಒತ್ತಕ್ಷರ ನೋಡಿಕೊಳ್ಳಿ. 12 ಮಿ.ಮೀ. ದಪ್ಪದ ಬ್ಲ್ಯಾಂಕ್‌ನ ಸುತ್ತಳತೆ ಸುಮಾರು 38 ಮಿ.ಮೀ. ಒಮ್ಮೆಗೆ ಕಣ್ಣಿಗೆ ಸರಿಯಾಗಿ ಕಾಣುವುದು ಅದರಲ್ಲಿ ಮೂರನೇ ಒಂದು ಭಾಗ. ಅಷ್ಟರಲ್ಲಿ ಒತ್ತೂ ಕೂರಬೇಕಲ್ವಾ? ದಪ್ಪ ಗೆರೆಯ, ಸರಳ ಫಾಂಟ್ ಆರಿಸಿ.

ಇನ್ನು ಎಲ್ಲರೂ ಎಡವುವ ಹಂತ. ಆ ಬೆಳ್ಳಗಿನ ಮಸುಕು ಕೊಳೆಯಲ್ಲ, ಡೆಕಲ್‌ನ ಪೊರೆಯ ಕೆಳಗೆ ಸಿಕ್ಕಿಕೊಂಡ ಗಾಳಿ. ಬಣ್ಣ ಹೊಡೆಯದ ಗ್ರಾಫೈಟ್ (ಕಾರ್ಬನ್ ಎಳೆಗಳ) ಬ್ಲ್ಯಾಂಕ್ ಮೇಲೆ ಬೆರಳಾಡಿಸಿ ನೋಡಿ, ತಯಾರಿಸುವಾಗ ಟೇಪ್ ಸುತ್ತಿದ ಸಣ್ಣ ಸಣ್ಣ ಏಣು ತಾಗುತ್ತದೆ. ಗಾಳಿ ಕೂರುವುದು ಅಲ್ಲೇ. ಆದ್ದರಿಂದ ಆ ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಮೊದಲು ತೆಳುವಾಗಿ ಒಂದು ಕೋಟ್ ಎಪಾಕ್ಸಿ ಕೊಡಿ. ಒಂದು ದಿನ ಬಿಡಿ. ಗಾಜಿನಂತೆ ನುಣುಪಾದ ಮೇಲೆ ಡೆಕಲ್. ಈ ಕೋಟ್ ಬೇಡ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ.

ನೀರಿನ ವಿಷಯಕ್ಕೂ ಗಮನ ಕೊಡಿ. ನಮ್ಮೂರಿನ ಬೋರ್‌ವೆಲ್ ನೀರು ಬೇಡವೇ ಬೇಡ. ಬಕೆಟ್ ಅಂಚಿನಲ್ಲಿ ಕಟ್ಟುವ ಬಿಳಿ ಉಪ್ಪೇ ಡೆಕಲ್ ಕೆಳಗೂ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ, ಉಗುರುಬೆಚ್ಚಗೆ ಮಾಡಿ. ಡೆಕಲ್ ಅನ್ನು ಅಕ್ಷರಕ್ಕೆ ಹತ್ತಿರ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ, ಅರ್ಧ ನಿಮಿಷ ನೆನೆಸಿ. ತೆಗೆದು ತಟ್ಟೆಯ ಮೇಲಿಟ್ಟು ಸ್ವಲ್ಪ ಕಾಯಿರಿ. ಹೆಬ್ಬೆರಳಿಗೆ ತಾನಾಗಿ ಜಾರಬೇಕು; ಎಳೆದರೆ ಹರಿಯುತ್ತದೆ. ಬ್ಲ್ಯಾಂಕ್ ಮೇಲೂ ಎರಡು ಹನಿ ನೀರು ಹಾಕಿ, ಕಾಗದದಿಂದ ನೇರವಾಗಿ ಅಲ್ಲಿಗೆ ಜಾರಿಸಿ. ಗೈಡ್‌ಗಳ ಸಾಲಿಗೆ ಹೊಂದಿಸಿ. ಒದ್ದೆ ಟಿಶ್ಯೂನಿಂದ ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ಒತ್ತಿ. ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಗುಳ್ಳೆ ಕಂಡರೆ ಸೂಜಿಯಿಂದ ಚುಚ್ಚಿ, ಒಂದು ಹನಿ ನೀರು ಬಿಟ್ಟು ಮತ್ತೆ ಒತ್ತಿ.

ಆಮೇಲೆ ಒಂದು ರಾತ್ರಿ ಪೂರ್ತಿ ಮುಟ್ಟಬೇಡಿ. ಮಳೆಗಾಲದಲ್ಲಿ ಎರಡು ರಾತ್ರಿ. ಹೇರ್ ಡ್ರೈಯರ್ ಹಿಡಿದರೆ ಅಂಚು ಮೊದಲು ಒಣಗಿ ನೀರು ಒಳಗೇ ಉಳಿಯುತ್ತದೆ.

ಮೇಲಿನ ಕೋಟ್‌ಗೆ ರಾಡ್ ಕಟ್ಟುವ ಎಪಾಕ್ಸಿಯನ್ನೇ ಬಳಸಿ. ಅದರ ಎರಡು ದ್ರವಗಳನ್ನು ಎರಡು ಸಿರಿಂಜ್‌ನಲ್ಲಿ ಸಮಸಮ ಅಳೆದು, ನಿಧಾನವಾಗಿ ಕಲಸಿ, ಅಂಚಿನಾಚೆಗೂ ತುಸು ಹಚ್ಚಿ, ಗಟ್ಟಿಯಾಗುವವರೆಗೆ ರಾಡ್ ತಿರುಗುತ್ತಿರಲಿ. ಹಾರ್ಡ್‌ವೇರ್ ಅಂಗಡಿಯ ಐದು ನಿಮಿಷದ ಎಪಾಕ್ಸಿ ಹಚ್ಚಬೇಡಿ. ಬಿಸಿಲಿಗೆ ಹಳದಿಯಾಗುತ್ತದೆ.

ತೆಗೆಯುವುದು ಹೇಗೆ? ಎಪಾಕ್ಸಿ ಹಚ್ಚಿರದಿದ್ದರೆ ಹತ್ತು ನಿಮಿಷ ಒದ್ದೆ ಬಟ್ಟೆ ಸುತ್ತಿಟ್ಟು ಉಜ್ಜಿ, ಅಷ್ಟೇ. ಹಚ್ಚಿದ್ದರೆ ಬ್ಲೇಡ್‌ಗೆ ಕೈ ಹಾಕಬೇಡಿ. ಗ್ರಾಫೈಟ್ ಎಳೆಗಳಿಗೆ ಗೀರು ಬಿದ್ದರೆ, ದೊಡ್ಡ ಕಾಟ್ಲಾ ಎಳೆದ ದಿನ ರಾಡ್ ಮುರಿಯುವುದು ಅಲ್ಲೇ. ಹೇರ್ ಡ್ರೈಯರ್ ಅನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಬಿಸಿ ಮಾಡಿ. ಉಗುರು ಒತ್ತಿದರೆ ಗುರುತು ಮೂಡುವಷ್ಟು ಎಪಾಕ್ಸಿ ಮೆತ್ತಗಾದಾಗ ಐಸ್‌ಕ್ರೀಮ್ ಕಡ್ಡಿಯ ಅಂಚಿನಿಂದ ಎಬ್ಬಿಸಿ. ತಣ್ಣಗಾಯಿತೋ, ನಿಲ್ಲಿಸಿ ಮತ್ತೆ ಬಿಸಿ ಮಾಡಿ. ಉಳಿದದ್ದನ್ನು ಆಲ್ಕೋಹಾಲ್ ಬಟ್ಟೆಯಿಂದ ಒರೆಸಿ. ಥಿನ್ನರ್ ಬೇಡ, ಬ್ಲ್ಯಾಂಕ್‌ನ ಬಣ್ಣವನ್ನೂ ತಿನ್ನುತ್ತದೆ. ಕಂಪನಿಯ ಹೆಸರು ಬಣ್ಣದ ಪದರದೊಳಗೇ ಇದ್ದರೆ ಕೆರೆಯದೆ ಅದರ ಮೇಲೆ ದಾರ ಸುತ್ತಿಬಿಡಿ.

ಗೆಳೆಯರ ರಾಡ್‌ನಿಂದ ಹಳೆಯದನ್ನು ಬಿಡಿಸಲು ಒಂದೂವರೆ ಗಂಟೆ ಹಿಡಿಯಿತು. ಹೊಸ ಹೆಸರು ನಿನ್ನೆ ಸಂಜೆ ಅಂಟಿಸಿದೆ. ಹೊರಗೆ ಜಿಟಿಜಿಟಿ ಮಳೆ. ನಾಳೆ ಬೆಳಿಗ್ಗೆಯವರೆಗೆ ಎಪಾಕ್ಸಿ ಮುಚ್ಚಳ ತೆಗೆಯುವುದಿಲ್ಲ.