ಮುದಿ ಬೆಕ್ಕಿನ ತೂಕ ಬರೆದಿಟ್ಟೆ, ಕಾಯಿಲೆ ಬೇಗ ಸಿಕ್ಕಿತು

ಹದಿಮೂರು ವರ್ಷದ ಚಿನ್ನಿಯನ್ನು ವಾರವಾರ ತೂಗಿ ಬರೆದಿಡುತ್ತೇನೆ ಅಂದಾಗ ಮನೆಯವರೂ ನಕ್ಕರು, ಬೆಕ್ಕು ಸಾಕಿದ ಗೆಳೆಯರೂ ನಕ್ಕರು. "ವಯಸ್ಸಾಯ್ತು, ಇನ್ನೇನು ನೋಡೋದಿದೆ" ಅನ್ನೋದೇ ಎಲ್ಲರ ಮಾತು. ಈಗ ಅವರೇ ತಮ್ಮ ಬೆಕ್ಕನ್ನು ತೂಗುವುದು ಹೇಗೆ ಅಂತ ಕೇಳುತ್ತಿದ್ದಾರೆ.

ನಾನು ಈ ಹಟಕ್ಕೆ ಬಿದ್ದದ್ದು ಹಿಂದೆ ಇದ್ದ ನಾಯಿ ಕರಿಯನಿಂದ. ಅವನ ಮೂತಿ ಬೆಳ್ಳಗಾದದ್ದನ್ನೇ ನೋಡುತ್ತ ಕೂತಿದ್ದೆ. ಕಣ್ಣಿಗೆ ನೀಲಿ ಮಬ್ಬು ಕವಿದಾಗ ಪೊರೆ ಅಂದುಕೊಂಡು ಏಳೆಂಟು ತಿಂಗಳು ದುಬಾರಿ ಹನಿ ಹಾಕಿದೆ. ಅದು ಪೊರೆಯಲ್ಲ, ವಯಸ್ಸಿಗೆ ಲೆನ್ಸು ಗಟ್ಟಿಯಾಗಿ ಬರುವ ಮಬ್ಬು; ದೃಷ್ಟಿಗೆ ಅಂಥ ತೊಂದರೆಯಿಲ್ಲ. ಪೊರೆಯೇ ಆಗಿದ್ದರೂ ಹನಿಗೆ ಕರಗುತ್ತಿರಲಿಲ್ಲ. ಅತ್ತ ಅವನು ನೀರು ಜಾಸ್ತಿ ಕುಡಿಯುತ್ತಿದ್ದದ್ದು ನನ್ನ ಗಮನಕ್ಕೇ ಬರಲಿಲ್ಲ. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನೋ ಕಸ ರಕ್ತದಲ್ಲಿ ಏರಿದ್ದು ಗೊತ್ತಾಗುವ ಹೊತ್ತಿಗೆ ಕಿಡ್ನಿ ಮುಕ್ಕಾಲು ಪಾಲು ಹೋಗಿತ್ತು. ಹನಿಗೂ ಕೀಲಿನ ಪುಡಿಗಳಿಗೂ ಸುರಿದ ದುಡ್ಡಲ್ಲಿ ನಾಲ್ಕು ಸಲ ರಕ್ತ ಪರೀಕ್ಷೆ ಮಾಡಿಸಬಹುದಿತ್ತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಚಿನ್ನಿಯನ್ನು ಮೊದಲು ಎತ್ತಿಕೊಂಡು ತೂಗಿ, ನನ್ನ ತೂಕ ಕಳೆಯುತ್ತಿದ್ದೆ. ದೊಡ್ಡ ನಾಯಿಗೆ ಅದು ನಡೆದೀತು, ನಾಲ್ಕು ಕಿಲೋ ಬೆಕ್ಕಿಗೆ ದಂಡ, ಸಣ್ಣ ಏರಿಳಿತ ಅದರಲ್ಲಿ ಕಾಣುವುದೇ ಇಲ್ಲ. ಕೊನೆಗೆ ಕೂಸು ತೂಗುವ ತಕ್ಕಡಿ ತಂದೆ. ಅವಳನ್ನು ಅದರ ಮೇಲೆ ಅಲ್ಲಾಡದೆ ಕೂರಿಸಿದ ಉಪಾಯ ಮಾತ್ರ ನನ್ನಲ್ಲೇ ಇರಲಿ.

4.2 ಇದ್ದದ್ದು ಎರಡು ತಿಂಗಳಲ್ಲಿ 3.8ಕ್ಕೆ ಇಳಿಯಿತು. ಮೈ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ತಟ್ಟೆ ನೆಕ್ಕಿ ಖಾಲಿ ಮಾಡುತ್ತಿದ್ದಳು, ಓಡಾಟವೂ ಮೊದಲಿಗಿಂತ ಚುರುಕು. ಆದರೆ ನಾನೂರು ಗ್ರಾಂ ಅಂದರೆ ಅವಳ ಮೈಯ ಸುಮಾರು ಹತ್ತರಲ್ಲೊಂದು ಪಾಲು! ಚೆನ್ನಾಗಿ ತಿಂದೂ ಇಳಿಯುವ ಮುದಿ ಬೆಕ್ಕಿಗೆ ಥೈರಾಯ್ಡ್ ನೋಡಿಸಲೇಬೇಕು. ನೋಡಿಸಿದೆ, ಅದೇ ಆಗಿತ್ತು: ಕತ್ತಿನ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿತ್ತು. ಮಾತ್ರೆ ಶುರುವಾಗಿ ಎರಡು ಮೂರು ತಿಂಗಳಿಗೆ ತೂಕ ನಾಲ್ಕರ ಹತ್ತಿರ ಬಂತು. ಥೈರಾಯ್ಡ್ ಹತೋಟಿಗೆ ಬಂದ ಮೇಲೆ ಅಡಗಿದ್ದ ಕಿಡ್ನಿ ತೊಂದರೆ ಹೊರಬೀಳುವುದುಂಟು. ಹಾಗಾಗಿ ಕುಡಿಯುವ ನೀರನ್ನೂ ಅಳೆದು ಬರೆಯುತ್ತೇನೆ.

ನಡುವೆ ತಿಂಗಳಿಗೊಂದು ವಿಡಿಯೊ ತೆಗೆದೆ, ಅವಳು ಕಿಟಕಿ ಕಟ್ಟೆಗೆ ಹಾರುವುದನ್ನು. ಕೀಲು ನೋಯುವ ಬೆಕ್ಕು ಬಹಳಮಟ್ಟಿಗೆ ಕುಂಟುವುದಿಲ್ಲ. ಹಳೆಯ ವಿಡಿಯೊದಲ್ಲಿ ಒಂದೇ ನೆಗೆತ. ಹೊಸದರಲ್ಲಿ ಮೇಲೆ ನೋಡಿ, ಹಿಂಗಾಲು ಎರಡು ಸಲ ಅದುಮಿ, ಕುರ್ಚಿ ಹತ್ತಿ, ಆಮೇಲೆ ಕಟ್ಟೆ. ಬಾಲದ ಬುಡದಲ್ಲಿ ಕೂದಲು ಗಂಟುಕಟ್ಟಿತ್ತು, ಹಿಂತಿರುಗಿ ನೆಕ್ಕಲು ಆಗುತ್ತಿರಲಿಲ್ಲ ಪಾಪ.

ನಿದ್ದೆಯಲ್ಲಿ ಉಸಿರನ್ನೂ ಎಣಿಸುತ್ತೇನೆ. ನಿಮಿಷಕ್ಕೆ 30 ದಾಟುತ್ತಲೇ ಇದ್ದರೆ ತಡಮಾಡದೆ ಡಾಕ್ಟರ ಹತ್ತಿರ ಓಡಬೇಕು. ನಿನ್ನೆ ರಾತ್ರಿ ಚಿನ್ನಿಯದು 22.